ಮೂರನೇ ಸಿಲಿಂಡರ್

1996ರ ಫೆಬ್ರವರಿ 17, ಶನಿವಾರ. ಬೆಳಿಗ್ಗೆ 11.40ಕ್ಕೆ ಹೊಳಲ್ಕೆರೆ ಠಾಣೆಯ ಮೆಟ್ಟಿಲು ಹತ್ತಿದ ಮುರುಗಪ್ಪನ ಅಂಗಿಯ ಮೇಲೆ ಹೆಂಡತಿಯ ರಕ್ತ ಇನ್ನೂ ಒಣಗಿರಲಿಲ್ಲ. ಮಗಳ ಬಾಣಂತನಕ್ಕೆಂದು ಗಂಡ ಹೆಂಡತಿ ಟ್ಯಾಕ್ಸಿ ಹಿಡಿದು ಹೊಸದುರ್ಗಕ್ಕೆ ಹೊರಟಿದ್ದರು. ದಾರಿಯ ಏರಿನಲ್ಲಿ ಟ್ಯಾಕ್ಸಿ ಮುಂದಿದ್ದ ಟ್ರ್ಯಾಕ್ಟರನ್ನು ದಾಟಲು ಹೋಗಿತ್ತು. ಅದು ಪೂರ್ತಿ ಪಕ್ಕಕ್ಕೆ ಸರಿಯುವ ಮೊದಲೇ ಎದುರಿನಿಂದ ಬಂದ ಲಾರಿ ಹಿಂಬಾಗಿಲಿಗೆ ಬಡಿದಿತ್ತು. ಹಿಂದೆ ಕೂತಿದ್ದ ಸಿದ್ದಕ್ಕ ಸ್ಥಳದಲ್ಲೇ ತೀರಿಕೊಂಡಿದ್ದಳು.

ಇನ್ಸ್‌ಪೆಕ್ಟರ್ ಚಿತ್ರಲಿಂಗಪ್ಪ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದರು. ಚಾಲಕ ಕಾಟಲಿಂಗಪ್ಪ, ವಯಸ್ಸು ಅರವತ್ತೊಂದು. ಅತಿವೇಗ ಮತ್ತು ಅಜಾಗರೂಕತೆಯ ಚಾಲನೆಯಿಂದ ಸಾವು.

ಸಂಜೆ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಚಾಲಕನ ಹೇಳಿಕೆ ಪಡೆದರು. ಅವನ ಪಕ್ಕೆಲುಬು ಮುರಿದಿತ್ತು.

"ಎಷ್ಟು ಸ್ಪೀಡಲ್ಲಿದ್ದೆ?"

"ಸ್ಪೀಡೆಲ್ಲಿ ಬಂತು ಸಾರ್? ಗಾಡಿ ಎಳೀಲೇ ಇಲ್ಲ. ಪೂರ್ತಿ ತುಳಿದ್ರೂ ಟ್ರ್ಯಾಕ್ಟರ್ ಪಕ್ಕದಾಗೇ ತೆವಳ್ತಿತ್ತು."

"ಲಾರಿ ಕಂಡಿತ್ತಾ?"

"ಕಂಡಿತ್ತು. ದೂರ ಐತೆ ಅನ್ಕಂಡೆ."

ಟ್ಯಾಕ್ಸಿ ಹದಿನಾಲ್ಕು ವರ್ಷ ಹಳೆಯ ಡೀಸೆಲ್ ಅಂಬಾಸಿಡರ್. ಹಿಂಭಾಗ ನುಜ್ಜಾಗಿದ್ದರೂ ಎಂಜಿನ್ನಿಗೆ ಪೆಟ್ಟಾಗಿರಲಿಲ್ಲ. ಬ್ರೇಕು, ಸ್ಟೇರಿಂಗು ಸರಿಯಾಗಿವೆಯೆಂದು ಸಾರಿಗೆ ಇಲಾಖೆಯವರು ವರದಿ ಕೊಟ್ಟರು. ಆದರೂ ಚಾಲಕನ ಮಾತು ಇನ್ಸ್‌ಪೆಕ್ಟರ ಮನಸ್ಸಿನಿಂದ ಹೋಗಲಿಲ್ಲ. 19ರ ಸೋಮವಾರ ಬೆಳಿಗ್ಗೆ 10 ಗಂಟೆಗೆ, ಇಬ್ಬರು ಪಂಚರ ಎದುರು, ಗ್ಯಾರೇಜಿನ ಸುಭಾನ್‌ನನ್ನು ಕರೆಸಿ ಬಾನೆಟ್ ತೆಗೆಸಿದರು.

ಎಂಜಿನ್ ಚಾಲೂ ಆಯಿತು. ಆದರೆ ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಸುಭಾನ್ ಕಣ್ಣು ಮುಚ್ಚಿ ಕೇಳಿದ.

"ನಾಲ್ಕರಾಗೆ ಒಂದು ಸಿಲಿಂಡರ್ ಹೊಡೀತಿಲ್ಲ ಸಾರ್. ಯಾವ್ದು ಅಂತ ನೋಡಾಣ."

ಒಂದೊಂದೇ ಸಿಲಿಂಡರಿಗೆ ಡೀಸೆಲ್ ಒಯ್ಯುವ ಸಣ್ಣ ಪೈಪಿನ ನಟ್ಟನ್ನು ಅವನು ಸಡಿಲಿಸುತ್ತ ಹೋದ. ಮೊದಲನೆಯದನ್ನು ಸಡಿಲಿಸಿದಾಗ ಎಂಜಿನ್ ಇನ್ನಷ್ಟು ಕುಗ್ಗಿತು, ಬಿಗಿ ಮಾಡಿದ. ಎರಡನೆಯದಕ್ಕೂ ಹಾಗೇ ಆಯಿತು. ಮೂರನೆಯದನ್ನು ಸಡಿಲಿಸಿದಾಗ ಡೀಸೆಲ್ ಹೊರಗೆ ಚಿಮ್ಮಿತು, ಸದ್ದು ಮಾತ್ರ ಬದಲಾಗಲಿಲ್ಲ.

"ಇದೇ ಸತ್ತಿರೋದು. ಪೈಪ್‌ನಾಗೆ ಡೀಸೆಲ್ ಬರ್ತೈತೆ, ಒಳಗೆ ಹೋಗ್ತಿಲ್ಲ. ಹೋಗಿದ್ರೆ ಉರೀದಿದ್ರೂ ಬಿಳಿ ಹೊಗೆನಾದ್ರೂ ಕಕ್ತಿತ್ತು."

ಪೈಪ್ ಬಿಚ್ಚಿದಾಗ ಇಂಜೆಕ್ಟರಿನ ಬಾಯಲ್ಲಿ ಏನೋ ಬಿಗಿಯಾಗಿ ತುರುಕಿರುವುದು ಕಂಡಿತು. ಸೂಜಿಯಿಂದ ಕಿತ್ತಾಗ ಹೊರಬಂದದ್ದು ಹೊಸೆದ ಹಸಿರು ಬಟ್ಟೆಯ ಚೂರು.

ಸುಭಾನ್ ನಟ್ಟನ್ನು ತಿರುಗಿಸಿ ತೋರಿಸಿದ. ಅದರ ಮೂಲೆಗಳು ಸವೆದು ಹೊಳೆಯುತ್ತಿದ್ದವು. "ಮೆಕ್ಯಾನಿಕ್ ಕೆಲಸ ಅಲ್ಲ ಇದು. ಇಕ್ಕಳದಾಗೆ ಹಿಡಿದು ತಿರುವ್ಯಾರೆ."

"ಕಾಟಲಿಂಗಪ್ಪನೇ ಮಾಡ್ಕೊಂಡನಾ?"

"ಛೇ! ಅವನ ಹತ್ರ ಸರಿಯಾದ ಪಾನಾನೇ ಐತೆ. ಗಾಡೀನ ಮಗೂ ಥರ ಸಾಕ್ದೋನು."

ಬಟ್ಟೆಯ ಚೂರನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ಪಂಚನಾಮೆ 11.30ಕ್ಕೆ ಮುಗಿಯಿತು.

ಗಾಡಿ ರಾತ್ರಿ ನಿಲ್ಲುತ್ತಿದ್ದುದು ಚಾಲಕನ ಮನೆಯಂಗಳದಲ್ಲಿ. ಮಕ್ಕಳಿಲ್ಲದ ಮನೆ; ಇದ್ದವರು ಅವನು ಮತ್ತು ಹೆಂಡತಿ ಗಂಗಕ್ಕ. ಮಧ್ಯಾಹ್ನ 2.15ಕ್ಕೆ ಇನ್ಸ್‌ಪೆಕ್ಟರ್ ಮಹಿಳಾ ಪೇದೆ ರೆಹಾನಾಳೊಂದಿಗೆ ಅಲ್ಲಿಗೆ ಹೋದರು. ಗಂಗಕ್ಕ ಆಸ್ಪತ್ರೆಗೆ ಒಯ್ಯಲು ಗಂಜಿ ಕಾಸುತ್ತಿದ್ದಳು. ಜಗಲಿಯ ಮೇಲೆ ಅರ್ಧ ಹೊಲಿದ ಕೌದಿ ಬಿದ್ದಿತ್ತು. ಅದರ ಒಂದು ಮೂಲೆಯ ತುಂಬ ಅದೇ ಹಸಿರು.

"ಕುಂತ್ಕಳ್ರಿ ಸಾರ್," ಎಂದಳು. ಇನ್ಸ್‌ಪೆಕ್ಟರ್ ಕೌದಿಯ ಹಸಿರು ಮೂಲೆಯನ್ನು ಎತ್ತಿ ನೋಡಿದ್ದು ಕಂಡು ತಾನೇ ನೆಲದ ಮೇಲೆ ಕೂತಳು.

"ನೀನೇನಮ್ಮ?"

"ಹೂಂ ಸಾರ್. ನಾನೇ."

"ಯಾಕೆ?"

"ಅವರಿಗೆ ಕಣ್ಣಾಗೆ ಪೊರೆ ಬಂದೈತೆ. ಆಪರೇಷನ್ ಅಂದ್ರೆ ಭಯ. ದೀಪಾವಳಿ ಮುಂದೆ ಕುರಿ ಹಿಂಡಿನ ಮೇಲೆ ಹಾಯ್ಸಕ್ಕೆ ಹೋಗಿದ್ರು. ಬ್ಯಾಡ ಬಿಡ್ರಿ ಅಂತ ಕಾಲು ಹಿಡಿದೆ. ಕೇಳ್ಲಿಲ್ಲ."

"ಕೀ ಬಚ್ಚಿಡಬಹುದಿತ್ತಲ್ಲ?"

"ಬಚ್ಚಿಟ್ಟಿದ್ದೆ. ಎರಡು ಸಲ. ಎರಡು ಸಲನೂ ಕೈ ಕಟ್ಟಿ ಹಾಕ್ದೆ ಅಂತ ಊಟ ಬಿಟ್ಟು ಗೋಡೆ ಕಡೆ ಮಖ ಮಾಡಿ ಮಲಗಿದ್ರು. ಗಾಡಿ ತಾನೇ ಕೆಟ್ರೆ ಯಾರ ಮೇಲೂ ಸಿಟ್ಟಿರಲ್ಲ ಅನ್ಕಂಡೆ. ಅವರು ರಿಪೇರಿ ಮಾಡೋವಾಗ ಆ ಪೈಪು ಬಿಚ್ಚೋದು ನೋಡಿದ್ದೆ. ಶುಕ್ರವಾರ ರಾತ್ರಿ ಅವರು ಮಲಗಿದ ಮ್ಯಾಲೆ ಬಟ್ಟೆ ತುರುಕ್ದೆ. ಒಂದು ಮುಚ್ಚಿದ್ರೆ ಗಾಡಿ ಚಾಲೂನೇ ಆಗಲ್ಲ ಅಂತ ತಿಳ್ಕಂಡಿದ್ದೆ ಸಾರ್. ಇನ್ನು ಮೂರು ಎಳೀತಾವೆ ಅಂತ ಯಾರಿಗೆ ಗೊತ್ತಿತ್ತು? ಬೆಳಿಗ್ಗೆ ಗಾಡಿ ಹೋದ ಸದ್ದು ಕೇಳಿ ಬೀದಿಗೆ ಓಡಿಬಂದೆ. ತಿರುವು ದಾಟಿಬಿಟ್ಟಿತ್ತು."

3.50ಕ್ಕೆ ಅವಳನ್ನು ದಸ್ತಗಿರಿ ಮಾಡಿದರು. ಜೀಪು ಹತ್ತುವ ಮೊದಲು ಅವಳು ಕೇಳಿದ್ದು ಒಂದೇ. "ನಾನು ಅಂತ ಅವರಿಗೆ ಹೇಳ್ಬ್ಯಾಡ್ರಿ. ಗಾಡಿನೇ ಕೆಟ್ಟಿತ್ತು ಅನ್ರಿ." ರೆಹಾನಾ ಗಂಜಿಯ ಡಬ್ಬಿಯನ್ನು ತಾನೇ ಎತ್ತಿಕೊಂಡಳು.

ಹೇಳದೆ ಇರುವಂತಿರಲಿಲ್ಲ. ಸಂಜೆ 6.30ಕ್ಕೆ ಚಿತ್ರಲಿಂಗಪ್ಪ ಆಸ್ಪತ್ರೆಯಲ್ಲಿ ಮರುಹೇಳಿಕೆಗೆ ಕೂತು ನಡೆದದ್ದನ್ನು ತಿಳಿಸಿದರು.

"ಬರ್ಕಳ್ರಿ ಸಾರ್," ಎಂದ ಕಾಟಲಿಂಗಪ್ಪ. "ಆವತ್ತು ಅಂಗಳದಾಗೇ ಗೊತ್ತಾಗಿತ್ತು ನಂಗೆ. ನಲವತ್ತು ವರ್ಷ ಗಾಡಿ ಓಡ್ಸಿದೋನಿಗೆ, ಒಂದು ಸಿಲಿಂಡರ್ ಹೊಡೀತಿಲ್ಲ ಅನ್ನೋದು ತಿಳಿಯಲ್ವಾ? ಇಳಿದು ಬಾನೆಟ್ ಎತ್ತಿದ್ರೆ, ಗಾಡಿಗೂ ನಿಮ್ಗೂ ವಯಸ್ಸಾತು, ಸಾಕು ಬಿಡ್ರಿ ಅಂತಾಳೆ. ಅದೊಂದು ಮಾತು ಕೇಳಕ್ಕಾಗದೆ ಹಂಗೇ ಹೊಂಟುಬಿಟ್ಟೆ."