ನೋವುಗಾಣಿ ಮತ್ತು ಮಿಂಚಿನ ಹೊಲಿಗೆ

ಈರವ್ವನ ಮೇಲ್ದುಟಿಯನ್ನು ಹೊಲಿದದ್ದು ಒಂದು ಮಿಂಚು. ಸೂಜಿ ಹಿಡಿದು ಆಕಾಶದಲ್ಲಿ ಅಲೆಯುತ್ತಿದ್ದ ಆ ಮಿಂಚು ಮೂರು ರಾಜ್ಯಗಳ ಮಕ್ಕಳ ಮುಖಗಳನ್ನೆಲ್ಲ ಹೊರಳಿಸಿ ನೋಡಿ, ಕೊನೆಗೆ ಈಕೆಯದೇ ಸೈ ಎಂದು ಕೆಳಗಿಳಿದು ಒಂದೇ ಎಳೆಯಲ್ಲಿ ಹೊಲಿದು ಹೋಯಿತು. ಆ ಬೆಳಕಿಗೆ ಹುಬ್ಬಳ್ಳಿಯ ಕೋಳಿಗಳೆಲ್ಲ ಇನ್ನೊಮ್ಮೆ ಬೆಳಗಾಯಿತೆಂದು ನಡುಮಧ್ಯಾಹ್ನ ಕೂಗಿದವು. ನಂಬದವರು ಕೋಳಿಗಳನ್ನೇ ಕೇಳಬಹುದು.

ಒಂಬತ್ತು ವರ್ಷದ ಈರವ್ವ ಇದನ್ನು ಇಡೀ ಶಾಲೆಗೆ ಹೇಳಿದ್ದಳು. ಹೇಳುವಾಗಲೆಲ್ಲ ಅವಳ ಕಿವಿಯ ಹಿಂದೆ ಕರಿಮಣಿಯೊಂದು ಹೊಳೆಯುತ್ತಿತ್ತು.

ಆ ಮಣಿಯ ಹೆಸರು ನೋವುಗಾಣಿ. ಸೀಳುತುಟಿ, ಸೊಟ್ಟ ದವಡೆ, ಎಲುಬು ಮೊದಲೇ ಬೆಸೆದುಕೊಂಡ ತಲೆಬುರುಡೆಗಳೊಂದಿಗೆ ಹುಟ್ಟಿದ ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆಂದು ತಿಳಿಯಲು ಮುಖವಿಕಾಸ ಕೇಂದ್ರದ ಡಾಕ್ಟರ್ ಪ್ರಮೀಳಾ ಬೆಳ್ಳುಬ್ಬಿ ಅದನ್ನು ಕಂಡುಹಿಡಿದಿದ್ದರು. ಯಾರಾದರೂ ದಿಟ್ಟಿಸಿ ನೋಡಿ ಮಗುವಿನ ಮನಸ್ಸು ಮುದುಡಿದರೆ ನಾಡಿ ಬದಲಾಗುತ್ತದೆ, ಬೆವರು ಬದಲಾಗುತ್ತದೆ. ಮಣಿ ಅದನ್ನು ಹಿಡಿದು ಕೇಂದ್ರದ ಗಾಜುಫಲಕದಲ್ಲಿ ಕೆಂಪು ಗೆರೆ ಎಳೆಯುತ್ತದೆ. ಮನಸ್ಸು ನೆಮ್ಮದಿಯಾಗಿದ್ದರೆ ಹಸಿರು. ಕೆಂಪು ಗೆರೆ ಎದ್ದ ಕೂಡಲೇ ತಾಯಿಯ ಫೋನಿಗೂ ಸುದ್ದಿ ಹೋಗುತ್ತದೆ. ಅದೆಷ್ಟು ಸೂಕ್ಷ್ಮವೆಂದರೆ, ಮಗು ನಾಳೆ ಪಡಬೇಕಾದ ಬೇಸರವನ್ನೂ ಇವತ್ತೇ ಮುಂಗಡ ಹಿಡಿಯುತ್ತಿತ್ತು.

ಉಳಿದ ಮಕ್ಕಳ ಗೆರೆಗಳು ಏರಿಳಿಯುತ್ತಿದ್ದರೆ ಈರವ್ವನದು ಮಾತ್ರ ಹಸಿರೋ ಹಸಿರು. ಮಧ್ಯಾಹ್ನ ಋಷಿಗಳಿಗೂ ಸಿಗದ ಶಾಂತಿ, ಸಂಜೆ ಹೊತ್ತಿಗೆ ಹೇಳತೀರದ ಸಂತೋಷ. ತನ್ನ ಮುಖಕ್ಕೆ ತಾನೇ ಕಥೆ ಕಟ್ಟಿಕೊಂಡ ಮಗುವಿಗೆ ನೋವೇ ತಟ್ಟುವುದಿಲ್ಲವೆಂದು ಡಾಕ್ಟರು ಸಿದ್ಧಾಂತ ಮಾಡಿದರು. ಈರವ್ವನನ್ನು ಕೇಂದ್ರಕ್ಕೆ ಕರೆಸಿ ಮಕ್ಕಳಿಗೆಲ್ಲ ಮಿಂಚಿನ ಕಥೆ ಹೇಳಿಸಿದರು.

ಅಲ್ಲೇ ಕೆಟ್ಟಿತು. ಆರು ವರ್ಷದ ಹಸೀನಾಳ ಸೀಳುತುಟಿಗೆ ಅಂದು ಶಸ್ತ್ರಚಿಕಿತ್ಸೆಯಾಗಬೇಕಿತ್ತು. ಆಕೆ ಮಂಚದ ಸರಳು ಹಿಡಿದು ಕುಳಿತಳು. ತನಗೂ ಮಿಂಚೇ ಬಂದು ಹೊಲಿಯಲಿ, ಡಾಕ್ಟರು ಬೇಡ ಎಂದಳು. ಹುಟ್ಟಿ ಇಷ್ಟು ವರ್ಷವಾದರೂ ಮಿಂಚು ಬರಲಿಲ್ಲವೆಂದರೆ ತನ್ನ ಮುಖ ಅದಕ್ಕೂ ಸೇರಲಿಲ್ಲವೇನೋ ಎಂದು ಬಿಕ್ಕಿದಳು. ಫಲಕದಲ್ಲಿ ಅವಳ ಗೆರೆ ಕೆಂಡದಂತೆ ಎದ್ದಿತ್ತು. ಹೊರಗೆ ಅವಳ ತಾಯಿ ಫೋನು ಹಿಡಿದು ಅಳುತ್ತಿದ್ದಳು.

ಈರವ್ವ ಆ ತಾಯಿಯನ್ನು ನೋಡಿದಳು. ಮತ್ತೊಂದು ಮಿಂಚನ್ನು ಕರೆಸುವುದು ಅವಳಿಗೇನು ಕಷ್ಟವಿರಲಿಲ್ಲ. ಆದರೂ ಮಂಚದ ಹತ್ತಿರ ಹೋಗಿ ಕುಳಿತಳು.

"ಮಿಂಚೂ ಇಲ್ಲ, ಗಿಂಚೂ ಇಲ್ಲ ಹಸೀನಾ. ನಾ ನಿನ್ನಂಗ ಹುಟ್ಟಿದ್ದೆ. ಇದೇ ಡಾಕ್ಟರ್ ಅವ್ವಾರು ಹೊಲಿದ್ರು. ಎರಡನೇ ಸಲ ಹೊಲಿಯೂಮುಂದ ಭಾಳ ಅತ್ತೆ. ಮೂರು ದಿನ ಬರೀ ಗಂಜಿ."

"ನೀನೂ ಅತ್ತೇನಕ್ಕಾ?"

"ಇಡೀ ವಾರ್ಡಿಗೆ ಕೇಳೂಹಂಗ."

ಹಸೀನಾ ಸರಳು ಬಿಟ್ಟಳು. ಅವಳ ಗೆರೆ ಮೆಲ್ಲಗೆ ಇಳಿದು, ಕೇಂದ್ರಕ್ಕೆ ಬಂದ ಮೇಲೆ ಮೊದಲ ಸಲ ಹಸಿರಾಯಿತು. ಅವಳನ್ನು ಒಳಗೆ ಕರೆದೊಯ್ದರು. ಸಿದ್ಧಾಂತ ತಲೆಕೆಳಗಾದದ್ದಕ್ಕೆ ಡಾಕ್ಟರು ಬೇಸರಪಡಲಿಲ್ಲ. ಕಥೆಯಿಂದ ಆಗದ್ದು ಜೊತೆಗಾತಿಯ ನಿಜದ ಮಾತಿನಿಂದ ಆಯಿತಲ್ಲ ಎಂದು ಬೆರಗಾಗಿ ಈರವ್ವನ ಕಡೆ ತಿರುಗಿದರು. ಹುಡುಗಿಯ ಕಣ್ಣುಗಳಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

ಫಲಕದಲ್ಲಿ ಅವಳ ಗೆರೆ ಮಾತ್ರ ತಣ್ಣಗೆ, ಹಸಿರಾಗಿ, ಏನನ್ನೋ ಮೆಲುಕು ಹಾಕುತ್ತಿರುವಂತೆ ಸಾಗಿತ್ತು.

ಡಾಕ್ಟರು ಅವಳ ಕಿವಿಯ ಹಿಂದಿನ ಮಣಿಯನ್ನು ಕಿತ್ತು ಬೆಳಕಿಗೆ ಹಿಡಿದರು. ಅದು ಸೀತಾಫಲದ ಬೀಜ.

"ಮಣಿ ಎಲ್ಲೈತಿ, ಈರವ್ವಾ?"

ಈರವ್ವ ಬಾಯಿ ತೆರೆದಳು. ಹದ್ದು ಹಾರಿಸಿಕೊಂಡು ಹೋಯಿತೆನ್ನುವುದು ನಾಲಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

"ನಮ್ಮ ಆಡಿನ ಕಿವಿ ಹಿಂದ ಅಂಟಿಸೇನ್ರಿ. ಸಂಜೀಕ ಅದಕ್ಕ ಶೇಂಗಾ ಹೊಟ್ಟು ಹಾಕ್ತೀವಿ."

ಡಾಕ್ಟರಿಗೆ ನಗು ಉಕ್ಕಿತು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದರು. ಈರವ್ವ ಸೆರಗಿಲ್ಲದ ತನ್ನ ಫ್ರಾಕಿನ ತುದಿಯಿಂದ ಮೂಗು ಒರೆಸಿಕೊಂಡಳು.

"ಸಾಲ್ಯಾಗ ಯಾರರ ಏನರ ಅಂದ್ರ ನನಗೂ ನೋವಾಗ್ತದರಿ, ಆಮ್ಯಾಲೆ ಹೋಗ್ತದ. ಆದ್ರ ಪ್ರತಿ ಸಲ ಅವ್ವನ ಫೋನಿಗೆ ಕೆಂಪು ಹೋಗ್ತಿತ್ತು. ಆಕಿ ಒಲೀ ಮುಂದ ಕುಂತು ಅಳ್ತಿದ್ಲು. ಆಡಿಗೆ ಯಾರೂ ಏನೂ ಅನ್ನೂದಿಲ್ಲ ನೋಡ್ರಿ, ಅದಕ್ಕ."