ಗಂಟಲಲ್ಲಿ ಕೂತವಳು

“ಕೇಸು ತಗೋ, ಬೇಡ ಅನ್ನಲ್ಲ. ಆದ್ರೆ ಆ ಅಜ್ಜಿ ಕೈಯಿಂದ ಏನನ್ನೂ ಇಸ್ಕೋಬೇಡ. ನೀರು ಕೂಡ.”

ಇಷ್ಟು ಹೇಳುವಷ್ಟರಲ್ಲಿ ಹಿರಿಯ ವಕೀಲರ ಹಣೆ ಬೆವೆತಿತ್ತು. ಒಂದು ಕಾಲಕ್ಕೆ ಮೈಕಿನ ಹಂಗಿಲ್ಲದೆ ಇಡೀ ನ್ಯಾಯಾಲಯವನ್ನು ತುಂಬುತ್ತಿದ್ದ ದನಿ ಅದು. ಈಗ ಒಣಗಿದ ಎಲೆಯನ್ನು ಗೋಡೆಗೆ ಉಜ್ಜಿದಂತೆ ಕೇಳುತ್ತಿತ್ತು. ಮುಚ್ಚಿದ ಕಿಟಕಿ, ಹಳೆಯ ಕಾನೂನು ಪುಸ್ತಕಗಳ ಮುಗ್ಗುಲು ವಾಸನೆ, ಮೇಜಿನ ತುಂಬ ಔಷಧಿಯ ಬಾಟಲಿಗಳು. ಎದುರಿಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಕಿರಿಯ ವಕೀಲನಿಗೆ ನಗು ತಡೆಯಲಾಗಲಿಲ್ಲ.

“ಮಾಟ ಮಾಡಿಸಿದಾಳಾ ಸಾರ್?”

“ಮಾಡಿಸೋದೇನು ಬಂತು, ಅವಳೇ ಮಾಡ್ತಾಳೆ. ನಾನು ಕುಡೀಲಿಲ್ಲಪ್ಪ. ವಯಸ್ಸಾದವಳು ಬೇಜಾರು ಮಾಡ್ಕೋತಾಳೆ ಅಂತ ಲೋಟ ತುಟಿಗೆ ತಾಗಿಸಿದೆ, ಅಷ್ಟೆ.”

“ಡಾಕ್ಟ್ರು ಏನಂತಾರೆ?”

“ಗಂಟಲಲ್ಲಿ ಏನೂ ಇಲ್ಲ ಅಂತಾರೆ.” ಹಿರಿಯರು ಕತ್ತು ಸವರಿಕೊಂಡರು. “ಇದೆ.”

ಕಿರಿಯ ವಕೀಲ ಈ ನಗರಕ್ಕೆ ಹೊಸಬ. ಬಂದು ವರ್ಷ ತುಂಬುವ ಮೊದಲೇ ಕಪ್ಪು ಕೋಟಿನವರ ನಡುವೆ ‘ಮಾತಿನಮಲ್ಲ’ ಎಂದು ಹೆಸರಾಗಿದ್ದ. ಸೋಲುವ ಕೇಸು ಹಿಡಿದು ಎದುರಾಳಿಯ ಬಾಯಿ ಮುಚ್ಚಿಸುವುದೆಂದರೆ ಅವನಿಗೆ ಊಟಕ್ಕಿಂತ ರುಚಿ. ಹಿರಿಯರು ಕೈಬಿಟ್ಟ ಈ ಕೇಸಂತೂ ಪತ್ರಿಕೆ ಓದುವವರಿಗೆಲ್ಲ ಗೊತ್ತಿದ್ದದ್ದೇ. ಮೇಣದಬತ್ತಿ ಕಾರ್ಖಾನೆಯ ಮಾಲೀಕನಿಗೂ ಅವನ ಹೆಂಡತಿಗೂ ವಿಚ್ಛೇದನದ ಜಗಳ. ಬೇರೆಯಾಗಲು ಇಬ್ಬರೂ ಸಿದ್ಧ. ಮಗಳು ಮಾತ್ರ ತನಗೇ ಬೇಕೆಂದು ಇಬ್ಬರಿಗೂ ಹಟ. ನ್ಯಾಯಾಲಯದ ಮೆಟ್ಟಿಲ ಮೇಲೆ ಕೂಗಾಡಿದ್ದರು, ಮಗುವಿನ ಶಾಲೆಯ ಗೇಟಿನಲ್ಲಿ ಅವಳ ಒಂದೊಂದು ಕೈ ಹಿಡಿದು ಎಳೆದಾಡಿದ್ದರು. ಹೀಗಿರುವಾಗ ಒಂದು ಸಂಜೆ, ‘ಅವರ ಹತ್ರ ಕೊನೇ ಸಲ ಮಾತಾಡಿ ಬರ್ತೀನಿ’ ಎಂದು ತಾಯಿಗೆ ಹೇಳಿ ಹೋದ ಹೆಂಡತಿ ಮರಳಲಿಲ್ಲ.

ಪೊಲೀಸರು ಗಂಡನ ಮನೆ, ಕಾರು, ಕಾರ್ಖಾನೆ ಎಲ್ಲವನ್ನೂ ಜಾಲಾಡಿದರು. ಕೊಲೆಯೆಂದು ದಾಖಲಿಸಿಕೊಂಡರೂ ಹೆಣ ಸಿಗಲಿಲ್ಲ. ಹೆಣವಿಲ್ಲದೆ ಅವನನ್ನು ಬಹಳ ದಿನ ಒಳಗಿಡಲಾಗಲಿಲ್ಲ. ಮಗು ಸದ್ಯಕ್ಕೆ ತಾಯಿಯ ತಾಯಿ, ಆ ಅಜ್ಜಿಯ ಬಳಿಯಿತ್ತು. ಹೆಂಡತಿ ಯಾರ ಜೊತೆಗೋ ಓಡಿಹೋಗಿದ್ದಾಳೆ, ಮಗಳನ್ನು ನನಗೊಪ್ಪಿಸಿ ಎಂದು ಅವನು ಈಗ ಕೇಳುತ್ತಿದ್ದ. ಒಪ್ಪಿಸಿದ ಮರುದಿನವೇ ಮಗುವನ್ನು ಕರೆದುಕೊಂಡು ದೇಶ ಬಿಡುತ್ತಾನೆಂಬ ಗುಸುಗುಸು ಇತ್ತು. ‘ನೀವು ಕೊಂದ್ರಾ?’ ಎಂದು ಕಿರಿಯ ವಕೀಲ ಅವನನ್ನು ಒಮ್ಮೆಯೂ ಕೇಳಲಿಲ್ಲ. ಕಕ್ಷಿದಾರನನ್ನು ಅದೊಂದನ್ನು ಕೇಳಬಾರದು ಎನ್ನುವುದು ಅವನ ಕಟ್ಟಳೆ. ಗೊತ್ತಿಲ್ಲದಿದ್ದರೆ ನಾಲಿಗೆ ಸಲೀಸಾಗಿ ಓಡುತ್ತದೆ.

ಅಜ್ಜಿ ಎದುರಾದದ್ದು ನ್ಯಾಯಾಲಯದ ಮೊಗಸಾಲೆಯಲ್ಲಿ. ಕಡ್ಡಿಯಂಥ ಮೈ, ಬಿಗಿದು ಕಟ್ಟಿದ ಬಿಳಿಗೂದಲು. ಪಕ್ಕದ ಬೆಂಚಿನ ಮೇಲೆ ಮೊಮ್ಮಗಳು. ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅಜ್ಜಿ ಚೀಲದಿಂದ ಬಾಟಲಿ ತೆಗೆದು ಗಾಜಿನ ಲೋಟಕ್ಕೆ ನೀರು ಬಗ್ಗಿಸಿದಳು. ತಳದಲ್ಲಿ ಕರ್ರಗೆ ಏನೋ ತಿರುತಿರುಗಿ ಇಳಿಯಿತು.

“ಅವನು ನನ್ನ ಮಗಳಿಗೆ ಏನೂ ಮಾಡಿಲ್ಲ ಅಂತ ನಿಮಗನ್ಸಿದ್ರೆ ಇದನ್ನ ಕುಡೀರಿ.”

“ಏನಿದೆ ಅಜ್ಜಿ ಇದ್ರಲ್ಲಿ?”

“ಅವಳ ಬಾಚಣಿಗೇಲಿ ಉಳಿದಿದ್ದ ಕೂದಲು. ಸುಟ್ಟು ಬೂದಿ ಮಾಡಿದೀನಿ. ಅವಳನ್ನ ಕೂಗಿ ಕೂಗಿ ಇದಕ್ಕೆ ಕರೆದಿದೀನಿ.”

ಸುತ್ತ ನಿಂತ ಕಪ್ಪು ಕೋಟುಗಳು ಇತ್ತ ತಿರುಗಿದವು. ಮಾತಿನಮಲ್ಲನಿಗೆ ಬೇಕಾದದ್ದೂ ಅದೇ.

“ಚೂರು ಸಕ್ಕರೆ ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು” ಎಂದು ಹೇಳಿ, ನಾಲ್ಕು ಜನ ನಗುತ್ತಿರುವಂತೆಯೇ ಲೋಟವನ್ನು ಗಟಗಟನೆ ಖಾಲಿ ಮಾಡಿದ. ನಾಲಿಗೆಗೆ ಒಂದು ಎಳೆ ಸಿಕ್ಕಿತು. ಸುಡದೆ ಉಳಿದ ಕೂದಲು. ತೆಗೆಯುವಷ್ಟರಲ್ಲಿ ತಾನಾಗಿಯೇ ಒಳಗೆ ಜಾರಿತು, ಯಾರೋ ಆ ಕಡೆಯಿಂದ ಎಳೆದುಕೊಂಡ ಹಾಗೆ.

ಅಜ್ಜಿ ಸಿಟ್ಟಾಗಲಿಲ್ಲ. ಅವಳ ಕಣ್ಣು ತುಂಬಿ ಬಂದಿತ್ತು. ಹತ್ತಿರ ಬಂದು, ತಣ್ಣನೆಯ ಎರಡು ಬೆರಳನ್ನು ಅವನ ಗಂಟಲಿನ ಮೇಲಿಟ್ಟಳು. ಅವನ ಮುಖ ನೋಡಲಿಲ್ಲ. ಗಂಟಲಿಗೇ ಹೇಳಿದಳು: “ಹುಷಾರು ಮಗಳೇ.”

ಮೊದಲು ಬಂದದ್ದು ವಾಸನೆ. ಬಿಸಿ ಮೇಣದ ವಾಸನೆ. ಹಲ್ಲುಜ್ಜಿದರೂ ಅದೇ, ಉಂಡರೂ ಅದೇ. ಆಮೇಲೆ ಗಂಟಲಲ್ಲಿ ಏನೋ ದಪ್ಪಗೆ ಇಳಿದು ಹೆಪ್ಪುಗಟ್ಟಿದಂತೆ ಅನಿಸತೊಡಗಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಿರಿಯರ ಮಾತು ಕೇಳಿ ತಲೆ ಕೆಟ್ಟಿದೆ, ಬೇರೇನೂ ಅಲ್ಲ ಎಂದುಕೊಂಡ. ಬಿಸಿನೀರು ಕುಡಿದ. ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿದ. ಏನೂ ಕಾಣಲಿಲ್ಲ.

ಒಂದು ಮಧ್ಯಾಹ್ನ ಕಚೇರಿಯಲ್ಲಿ ಕರೆಂಟು ಹೋಗಿ ಮಬ್ಬುಗತ್ತಲಾಗಿತ್ತು. ಮನೆಯಿಂದ ಅವನ ಹೆಂಡತಿಯ ಫೋನು ಬಂತು.

“ಹಲೋ” ಎಂದ.

“ಯಾರು ಮಾತಾಡ್ತಿರೋದು?”

“ನಾನೇ ಕಣೇ.”

“ಯಾರಮ್ಮ ನೀವು? ನಮ್ಮ ಮನೆಯವರ ಫೋನು ನಿಮ್ಮ ಕೈಲಿ ಯಾಕಿದೆ?”

ಅವನು ಫೋನನ್ನು ಮೇಜಿನ ಮೇಲೆ ಒಗೆದ. ಕೋಣೆಯಲ್ಲಿ ಅವನೊಬ್ಬನೇ ಇದ್ದ. ಗಂಟಲಲ್ಲಿ ಏನೋ ಮಗ್ಗುಲು ಬದಲಿಸಿತು. ಸಂಜೆಯ ಹೊತ್ತಿಗೆ ದನಿ ಸರಿಹೋಗಿತ್ತು. ಲೈನು ಅದಲು ಬದಲಾಗಿರಬೇಕು ಎಂದು ಹೆಂಡತಿಗೆ ಸಮಜಾಯಿಷಿ ಕೊಟ್ಟ. ಅವಳು ನಂಬಲಿಲ್ಲ. “ಅವಳು ಅಳ್ತಿದ್ಳು ರೀ” ಎಂದಳು. “ಯಾಕೆ ಅಳಿಸಿದ್ರಿ ಅವಳನ್ನ?”

ಕೊನೆಯ ವಾದಕ್ಕೆ ಮುಂಚೆ ಕಾರ್ಖಾನೆಯ ಮಾಲೀಕ ಅವನನ್ನು ತನ್ನ ಶೆಡ್ಡಿಗೆ ಕರೆದುಕೊಂಡು ಹೋದ. ಪೊಲೀಸರು ಎಷ್ಟು ಚೆನ್ನಾಗಿ ಹುಡುಕಿದ್ದಾರೆ ಎನ್ನುವುದನ್ನು ವಕೀಲರು ಕಣ್ಣಾರೆ ನೋಡಿದರೆ ವಾದಕ್ಕೆ ಬಲ ಬರುತ್ತದೆ ಎಂಬುದು ಅವನ ಲೆಕ್ಕ. ಹೊರಗೆ ಸುಡುಬಿಸಿಲು, ಒಳಗೆ ಕಾಲಿಟ್ಟರೆ ಕಣ್ಣು ಕಟ್ಟುವ ಕತ್ತಲೆ. ಕಿಟಕಿಗಳಿಗೆ ತಗಡು ಹೊಡೆದಿತ್ತು. ಕಾಲಡಿಯ ನೆಲ ಜಿಡ್ಡುಗಟ್ಟಿ ಚಪ್ಪಲಿ ಅಂಟುತ್ತಿತ್ತು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಮತ್ತೆ ಆ ವಾಸನೆ. ಇಷ್ಟು ದಿನ ಅವನ ಬಾಯಲ್ಲಿದ್ದದ್ದು ಈಗ ಸುತ್ತಲೂ ಇತ್ತು.

“ಇಲ್ಲೆಲ್ಲ ಅಗೆದು ಹೋದ್ರು” ಎಂದ ಮಾಲೀಕ, ಟಾರ್ಚು ಬಿಡುತ್ತ. “ಅವು ಬತ್ತಿ ಎರೆಯೋ ಅಚ್ಚುಗಳು. ಆ ತೊಟ್ಟಿಗಳಲ್ಲಿ ಇರೋದು ಹಳೇ ಮೇಣ. ಬಣ್ಣ ಕೆಟ್ಟಿದೆ, ಮಾರೋಕೆ ಬರಲ್ಲ. ಸುಮ್ಮನೆ ಬಿದ್ದಿದೆ.”

ಆಳೆತ್ತರದ ಕಬ್ಬಿಣದ ತೊಟ್ಟಿಗಳು ಗೋಡೆಗುಂಟ ನಿಂತಿದ್ದವು. ವಕೀಲ ಮೂಲೆಯದರ ಬಳಿಗೆ ಹೋದ. ಅವನಿಗೆ ಹೋಗುವ ಮನಸ್ಸಿರಲಿಲ್ಲ, ಕಾಲು ಹೋಯಿತು. ಅಂಚಿನ ಮೇಲಿಂದ ಕೈ ಚಾಚಿ ಮೇಣದ ಮೇಲಿಟ್ಟ. ತಣ್ಣಗೆ, ನುಣ್ಣಗೆ, ಚರ್ಮದಂತೆ. ಗಂಟಲಲ್ಲಿದ್ದದ್ದು ತಟ್ಟನೆ ಎದ್ದು ನಿಂತಿತು.

“ರಾಯರೇ...”

ಟಾರ್ಚು ನೆಲಕ್ಕೆ ಬಿದ್ದು ಉರುಳಿತು. ಕತ್ತಲಲ್ಲಿ ಮಾಲೀಕನ ಉಸಿರು ಮಾತ್ರ ಕೇಳಿಸುತ್ತಿತ್ತು.

“ಏನಂದ್ರಿ?”

“ಏನಿಲ್ಲ. ಗಂಟಲು ಕೆಟ್ಟಿದೆ.”

“ನನ್ನನ್ನ ಹಾಗೆ ಕರೀತಿದ್ದೋಳು ಒಬ್ಬಳೇ.” ಮಾಲೀಕ ತಡಕಾಡಿ ಟಾರ್ಚು ಎತ್ತಿಕೊಂಡ. “ನಿಮಗೆ ಯಾರು ಹೇಳಿದ್ದು? ಆ ಮುದುಕೀನಾ?”

ವಕೀಲ ಮೇಣದ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದ. ಆ ಗಳಿಗೆಯಲ್ಲಿ ಅವನಿಗೆ ಎಲ್ಲ ತಿಳಿದುಹೋಗಿತ್ತು. ಅಲ್ಲಿಂದ ನೇರವಾಗಿ ಪೊಲೀಸರ ಬಳಿ ಹೋಗಬಹುದಿತ್ತು. ಕೇಸು ಬಿಡಬಹುದಿತ್ತು. ಆದರೆ ಅಷ್ಟು ಜನರ ಎದುರು ಆ ನೀರು ಕುಡಿದು ನಕ್ಕವನು ಈಗ ಹೆದರಿ ಓಡಿದ ಎನಿಸಿಕೊಳ್ಳುವುದು ಹೇಗೆ? ತಿಳಿದದ್ದನ್ನು ತಿಳಿಯದಂತೆ ಮಾಡಿಕೊಂಡು ಹೊರಗಿನ ಬಿಸಿಲಿಗೆ ಬಂದ. ಮಾಲೀಕ ಬೀಗ ಜಡಿದು ಹಿಂದೆಯೇ ಬಂದು, “ನಾಳೆ ಹೇಗಾದ್ರೂ ಮಾಡಿ ಗೆಲ್ಲಿಸ್ಬಿಡಿ. ಮಗಳು ಕೈಗೆ ಬಂದ್ರೆ ಸಾಕು” ಎಂದ. ವಕೀಲ ತಲೆಯಾಡಿಸಿದ.

ಮರುದಿನ ನ್ಯಾಯಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ತನಿಖೆಯ ಇನ್ಸ್‌ಪೆಕ್ಟರು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಅಜ್ಜಿಯ ಮಡಿಲಿಗೆ ಒರಗಿ ಮಗು ತೂಕಡಿಸುತ್ತಿತ್ತು. ನ್ಯಾಯಾಧೀಶೆ ಕನ್ನಡಕ ಸರಿಪಡಿಸಿಕೊಂಡು, “ಹೇಳಿ” ಎಂದರು.

ಮಾತಿನಮಲ್ಲ ಎದ್ದು ನಿಂತ. ಎಂದಿನಂತೆ ಕೋಟಿನ ತುದಿ ಎಳೆದುಕೊಂಡ. “ಮಾನ್ಯರೇ, ತಾಯಿಯೇ ಬಿಟ್ಟುಹೋದ ಮಗುವಿಗೆ ಉಳಿದಿರುವ ಆಸರೆ ತಂದೆಯೊಬ್ಬನೇ. ಈ ತಾಯಿ ತನ್ನ ಮಗುವನ್ನು...”

ದನಿ ನಿಂತಿತು. ನೀರು ಕುಡಿದ. ಮತ್ತೆ ಬಾಯಿ ತೆರೆದ.

“ನಾನು ಬಿಟ್ಟುಹೋಗಿಲ್ಲ.”

ಹೆಣ್ಣು ದನಿ. ಮೆತ್ತಗೆ, ಸ್ವಲ್ಪ ಒಡೆದಂತೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವನು ಕೈಯಿಂದ ಬಾಯಿ ಮುಚ್ಚಿಕೊಂಡ. ಬೆರಳ ಸಂದಿಯಿಂದ ಮಾತು ಸುರಿಯಿತು.

“ರಾಯರೇ, ನಾನು ಏನಂದೆ ಅವತ್ತು? ಮನೆ ಇಟ್ಕೊಳ್ಳಿ, ಕಾರು ಇಟ್ಕೊಳ್ಳಿ, ಮಗಳನ್ನ ಮಾತ್ರ ಬಿಡಿ ಅಂದೆ. ಕೈ ಮುಗಿದೆ. ಕತ್ತು ಹಿಡಿದ್ರಿ. ನಾನಿನ್ನೂ ಸತ್ತಿರ್ಲಿಲ್ಲ ರೀ. ತೊಟ್ಟೀಲಿ ಕಣ್ಣು ಬಿಟ್ಟೆ. ನಿಮ್ಮನ್ನ ನೋಡಿದೆ. ನೀವೂ ನೋಡಿದ್ರಿ. ನೋಡ್ತಾನೇ ಬಿಸಿ ಮೇಣ ಸುರಿದ್ರಿ.”

ಈಗ ಯಾರೂ ನಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಇಡೀ ಕೋಣೆಗೆ ಮೇಣದ ವಾಸನೆ ಹಬ್ಬಿತು. ವಕೀಲನ ಮುಖ ನೀಲಿಗಟ್ಟಿತ್ತು. ಕಣ್ಣು ಹೊರಬಂದಿತ್ತು. ಕತ್ತಿನ ನರ ಹಗ್ಗದಂತೆ ಉಬ್ಬಿತ್ತು. ಅವನು ತನ್ನ ಗಂಟಲನ್ನು ತಾನೇ ಹಿಸುಕಿಕೊಂಡ. ದನಿ ನಿಲ್ಲಲಿಲ್ಲ.

“ಬಾಯಿ ತುಂಬಿತು. ಆಮೇಲೆ ಕೂಗೋಕಾಗ್ಲಿಲ್ಲ. ಮೂಲೆ ತೊಟ್ಟಿ. ಮೂಲೇದು. ತೆಗೀರಿ ನನ್ನ. ಯಾರಾದ್ರೂ ತೆಗೀರಿ.”

ಮಗು ಎಚ್ಚರಗೊಂಡಿತು. ಅತ್ತಿತ್ತ ನೋಡಿತು. ಅಜ್ಜಿಯ ಮಡಿಲಿನಿಂದ ಜಾರಿ ಇಳಿಯಿತು. “ಅಮ್ಮಾ!” ಎಂದು ಕೂಗಿ ಓಡಿ ಬಂದು ವಕೀಲನ ಕಾಲು ತಬ್ಬಿಕೊಂಡಿತು.

ಮಾಲೀಕ ಬಾಗಿಲಿಗೆ ಹಾರಿದ. ಇನ್ಸ್‌ಪೆಕ್ಟರು ಅವನ ಕಾಲರು ಹಿಡಿದರು. ವಕೀಲ ಕುಸಿದು ಬಿದ್ದ.

ಆ ಸಂಜೆಯೇ ಪೊಲೀಸರು ಮೂಲೆಯ ತೊಟ್ಟಿಯ ಮೇಣ ಒಡೆದರು. ಅವಳು ಅಲ್ಲಿದ್ದಳು. ಬಾಯಿ ತೆರೆದೇ ಇತ್ತು. ಗಂಡ ಜೈಲು ಸೇರಿದ. ಮಗು ಅಜ್ಜಿಯ ಬಳಿಯೇ ಉಳಿಯಿತು. ಪತ್ರಿಕೆಗಳು ಒಂದಿಷ್ಟು ದಿನ ಬರೆದು ಬೇರೆ ಸುದ್ದಿಗೆ ಹೊರಳಿದವು.

ವಕೀಲನ ಪಾಡು ಬೇರೆಯಾಯಿತು. ವಕೀಲರ ಮಂಡಳಿಯವರು ಅವನನ್ನು ವಿಚಾರಣೆಗೆ ಕರೆದರು. ಕೊಲೆಗಾರ ತನ್ನ ವಕೀಲನಿಗೆ ಗುಟ್ಟಾಗಿ ಹೇಳಿದ್ದನ್ನು ಇವನು ತುಂಬಿದ ನ್ಯಾಯಾಲಯದಲ್ಲಿ ಬಯಲು ಮಾಡಿದ್ದಾನೆ, ಅದೂ ಹೆಂಗಸಿನ ದನಿ ತೆಗೆದು ನಾಟಕವಾಡಿ, ಎಂಬುದು ಆರೋಪ. ‘ಅವನು ನನಗೆ ಏನೂ ಹೇಳಿರಲಿಲ್ಲ’ ಎಂದು ಅವನು ಹಾಳೆಯಲ್ಲಿ ಬರೆದುಕೊಟ್ಟ.

“ಹಾಗಾದ್ರೆ ನಿಮಗೆ ಗೊತ್ತಾಗಿದ್ದು ಹೇಗೆ?” ಎಂದು ಅಧ್ಯಕ್ಷರು ಕೇಳಿದರು. “ಮಾಟ ಅಂತೀರಾ?”

ಮಂಡಳಿಯ ಸದಸ್ಯರು ನಕ್ಕರು. ಅವನು ಪೆನ್ನು ಕೆಳಗಿಟ್ಟ. ವಕೀಲಿ ಮಾಡುವ ಅವನ ಸನ್ನದು ರದ್ದಾಯಿತು.

ಅವನು ಬಾಯಿ ತೆರೆಯುವುದನ್ನೇ ಬಿಟ್ಟಿದ್ದ. ತೆರೆದರೆ ಅವಳೇ ಬರುತ್ತಿದ್ದಳು. ನಿದ್ದೆಯಲ್ಲಿ ಅವಳು ಮಗಳ ಹೆಸರು ಹಿಡಿದು ಕರೆಯುತ್ತಿದ್ದಳು, ಬಿಕ್ಕುತ್ತಿದ್ದಳು. ಒಂದು ಬೆಳಗ್ಗೆ ಹೆಂಡತಿ ಬಟ್ಟೆ ತುಂಬಿಕೊಂಡು ತವರಿಗೆ ಹೊರಟುನಿಂತಳು. “ನಿಮ್ಮನ್ನ ಬಿಟ್ಟು ಹೋಗ್ತಿಲ್ಲ ರೀ” ಎಂದು ಅಳುತ್ತಲೇ ಹೇಳಿದಳು. “ಅವಳ ಪಕ್ಕ ಮಲಗೋಕೆ ನನ್ನ ಕೈಲಿ ಆಗ್ತಿಲ್ಲ.”

ಕೊನೆಗೆ ಅವನು ಅಜ್ಜಿಯ ಮನೆ ಹುಡುಕಿಕೊಂಡು ಹೋದ. ಇಕ್ಕಟ್ಟಾದ ಬೀದಿಯ ತುದಿಯಲ್ಲಿ ತಗ್ಗು ಬಾಗಿಲ ಮನೆ. ಒಳಗೆ ಒಂದೇ ಕೋಣೆ. ಹಗ್ಗದ ಮೇಲೆ ಒಣಹಾಕಿದ ಪುಟ್ಟ ಲಂಗಗಳು, ಸೋಪಿನ ವಾಸನೆ. ಅವನು ಬರೆದು ತಂದಿದ್ದ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದ: ‘ನಾನು ನಕ್ಕಿದ್ದು ತಪ್ಪಾಯಿತು. ನಿಮ್ಮ ಕೆಲಸ ಮುಗಿಯಿತಲ್ಲ. ಇದನ್ನು ತೆಗೆದುಬಿಡಿ.’

ಅಜ್ಜಿ ನಿಧಾನವಾಗಿ ಓದಿದಳು. ಹಾಳೆ ಮಡಚಿ ವಾಪಸು ಕೊಟ್ಟಳು.

“ತೆಗೆಯೋಕೆ ಬರುತ್ತೆ ನನಗೆ. ದೊಡ್ಡ ಕೆಲಸ ಏನಲ್ಲ.”

ಅವನು ಕೈ ಮುಗಿದ.

“ತೆಗೆದ್ರೆ ಅವಳು ಎಲ್ಲಿಗೆ ಹೋಗ್ತಾಳೆ ಹೇಳಿ?” ಅಜ್ಜಿಯ ದನಿಯಲ್ಲಿ ಹಗೆ ಇರಲಿಲ್ಲ; ಅದಕ್ಕೇ ಅವನಿಗೆ ಹೆಚ್ಚು ಭಯವಾಯಿತು. “ಮಣ್ಣಿಗೆ ಹಾಕಿ ಬಂದದ್ದು ಬರೀ ಮೈ. ಉಳಿದಿರೋದು ನಿಮ್ಮ ಹತ್ರ ಇದೆ.”

ಅವನು ಹಿಂದಕ್ಕೆ ಹೆಜ್ಜೆಯಿಟ್ಟ. ಅಜ್ಜಿ ಆಗಲೇ ಅವನನ್ನು ಬಳಸಿಕೊಂಡು ಹೋಗಿ ಬಾಗಿಲು ಮುಂದೆ ಮಾಡಿದ್ದಳು. ಬೆಳಕು ಒಂದು ಗೆರೆಯಾಯಿತು. ಕಬ್ಬಿಣದ ಚಿಲಕ ಕಿರುಗುಟ್ಟಿತು, ಆಮೇಲೆ ಅದೂ ಇಲ್ಲ.

“ಮಗು ಸರಿಯಾಗಿ ತಿಂತಿಲ್ಲ” ಎಂದಿತು ಕತ್ತಲಲ್ಲಿ ಅಜ್ಜಿಯ ದನಿ. “ಒಂದ್ಸಲ ಕರೀರಿ ಅವಳನ್ನ.”

ಅವನು ಹಲ್ಲು ಕಚ್ಚಿದ. ದವಡೆ ಬಿಗಿದ. ಎರಡೂ ಕೈ ಬಾಯಿಗೊತ್ತಿದ. ಗಂಟಲಲ್ಲಿ ಅವಳು ಎದ್ದಳು. ಬಾಯಿ ತೆರೆಯಿತು. ಕಾಪಾಡಿ ಎಂದು ಕೂಗಬೇಕೆಂದಿದ್ದ.

“ಬಾ ಪುಟ್ಟಿ” ಎಂದಿತು ಬಾಯಿ, ಅಕ್ಕರೆಯಿಂದ. “ಅಮ್ಮ ಬಂದಿದೀನಿ. ಇನ್ನೆಲ್ಲೂ ಹೋಗಲ್ಲ.”

ಹಗ್ಗದ ಲಂಗಗಳ ಆಚೆಯಿಂದ ಪುಟ್ಟ ಕಾಲುಗಳು ಓಡಿ ಬರುವ ಸದ್ದು ಕೇಳಿಸಿತು.