ವೇಷ ಹಾಕಿದ ನಾಲ್ಕು ಸಾವಿರ ಮಾತು

ಬಸವಕಲ್ಯಾಣದಲ್ಲಿ ವಿಜಯಶ್ರೀಯ ಕಂಪ್ಯೂಟರು ಅಪ್‌ಡೇಟ್ ಆಗತೊಡಗಿದ ದಿನ ಕೋಟೆಯ ಮೇಲಿನ ತೋಪು ತನ್ನಷ್ಟಕ್ಕೆ ಎರಡು ಸಲ ಹಾರಿತು! ಪರದೆಯ ಮೇಲೆ ಮೂವತ್ತೇಳು ಪರ್ಸೆಂಟ್ ಎಂಬ ಅಂಕಿ ಎಷ್ಟು ಹೊತ್ತು ನಿಂತಿತೆಂದರೆ, ಅಷ್ಟರೊಳಗೆ ಹುಮನಾಬಾದಿನ ಹೊಲಗಳಲ್ಲಿ ತೊಗರಿ ಬಿತ್ತಿ, ಬೆಳೆದು, ರಾಶಿಯಾಗಿ, ಮಾರಾಟಕ್ಕೆ ಅಡತಿ ಅಂಗಡಿಗೂ ಹೋಗಿ ಮುಟ್ಟಿತ್ತು.

ನಂಬುವುದಿಲ್ಲವೇ? ಬಿಡಿ, ನಷ್ಟ ನಿಮ್ಮದೇ. ಆ ದಿನ ಏನೇನಾಯಿತು ಎಂಬುದಷ್ಟೇ ಅಲ್ಲ, ವಿಜಯಶ್ರೀಯ ಮನಸ್ಸಿನೊಳಗೆ ಏನೇನಿತ್ತು ಎಂಬುದೂ ನನಗೆ ಗೊತ್ತು.

ಶುಕ್ರವಾರ ಬೆಳಿಗ್ಗೆ ಹತ್ತೂವರೆ. ಕೋಟೆ ರಸ್ತೆಯ ಪುಟ್ಟ ಡಿಟಿಪಿ ಅಂಗಡಿಯ ಬಾಗಿಲಲ್ಲಿ ಅವಳು ನಿಂತಿದ್ದಳು. ಕಣ್ಣಲ್ಲಿ ಬೆಂಕಿ. ಕೈಯಲ್ಲಿ ಮೌಸು... ಅದರ ಬಾಲ ನೆಲಕ್ಕೆ ಜೋತಾಡುತ್ತಿತ್ತು.

ಆಗ ಬಂದ ಅವನು. ಬಸವಕಿರಣ! ಹುಮನಾಬಾದಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯವನು. ಎತ್ತರ ಆರಡಿ ಏಳಂಗುಲ. ಅಲ್ಲಿಂದ ಇಲ್ಲಿಗೆ ಬೈಕಿನಲ್ಲಿ ಬರೋಬ್ಬರಿ ಒಂಬತ್ತು ನಿಮಿಷದಲ್ಲಿ ಬಂದಿದ್ದ. ಹೆದ್ದಾರಿಯ ಲಾರಿಗಳು ತಾವಾಗಿಯೇ ಬದಿಗೆ ಸರಿದು ದಾರಿ ಬಿಟ್ಟಿದ್ದವು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಬರೀ ಫೋನಿನ ದನಿ.

"ನೀವ ಏನ್ರಿ ಬಸವಕಿರಣ? ನೀವ ಹೇಳಿದ್ರಿ ಹೌದಲ್ಲೋ, ಬಂದ್ ಮ್ಯಾಲ ಅಪ್‌ಡೇಟ್ ಮಾಡ್ರಿ ಅಂತ?"

"ಹೌದ್ರಿ. ನಾ ಬಂದ್ ಮ್ಯಾಲ ಮಾಡ್ರಿ ಅಂದಿದ್ದೆ. ಈಗ ಬಂದೀನಲ್ಲ!"

"ನಾ ಎಲ್ಲಾ ಬಂದ್ ಮಾಡಿ, ಆ ಮ್ಯಾಲ ಮಾಡ್ದೆ!"

"ಅಂದ್ರ... ಶುರು ಮಾಡಿಬಿಟ್ರಿ?"

"ಮುಗದೂ ಹೋಯ್ತು!"

ಒಂದೇ ಮಾತು. ಅವನಿಗೆ ಅದು ಬರುವುದು, ಅವಳಿಗೆ ಅದು ಮುಚ್ಚುವುದು. ವಿಚಿತ್ರ ನೋಡಿ, ಇಂಥ ಮಾತುಗಳನ್ನೇ ನಾಲ್ಕು ವರ್ಷದಿಂದ ಕೂಡಿಹಾಕುತ್ತಿದ್ದವಳು ಅವಳು! ಅರ್ಜಿ ಬರೆಸಲು ಬಂದವರ ಬಾಯಿಂದ ಬಿದ್ದ ಈ ಕಡೆಯ ಮಾತು, ಅದರ ಅರ್ಥ, ಹೇಳಿದವರ ಹೆಸರು. ಹೀಗೆ ನಾಲ್ಕು ಸಾವಿರ ಮಾತಿನ ಒಂದು ಕೋಶ. ಬೀದರಿನ ಒಂದು ಪ್ರಕಾಶನ ಅದನ್ನು ಅಚ್ಚು ಹಾಕಲು ಒಪ್ಪಿತ್ತು. ಸೋಮವಾರ ಸಂಜೆ ನಾಲ್ಕಕ್ಕೆ ಕೊನೆಯ ಗಡುವು. ಹಳೆಯ ಕಂಪ್ಯೂಟರಿನಲ್ಲಿ ಕೋಶ ಕಳಿಸಬೇಕಾದ ಅವರ ವೆಬ್‌ಪುಟವೇ ತೆರೆಯುತ್ತಿರಲಿಲ್ಲ. ಅದಕ್ಕೇ ಈ ಅಪ್‌ಡೇಟು.

ಈಗ ಪುಟ ತೆರೆಯಿತು. ಆದರೆ ಕೋಶ?

ಅವಳಿಗೆ ಟೈಪಿಂಗ್ ಕಲಿಸಿ ತೀರಿಹೋದ ಪಾಂಡುರಂಗ ಮಾಸ್ತರರು ತಾವೇ ತಯಾರಿಸಿದ್ದ ಹಳೆಯ ಫಾಂಟಿನಲ್ಲಿ ಅವಳು ಅದನ್ನು ಟೈಪು ಮಾಡಿದ್ದಳು. ಅಪ್‌ಡೇಟು ಆ ಫಾಂಟನ್ನು ಗುಡಿಸಿ ಹಾಕಿತ್ತು. ಪರದೆಯ ತುಂಬ ಕೊಂಬು, ಬಾಲ, ಚುಕ್ಕಿ, ಡಾಲರ್ ಗುರುತು! ಪೆನ್‌ಡ್ರೈವಿನಲ್ಲಿದ್ದ ಪ್ರತಿಯೂ ಹಾಗೆಯೇ. ಒಂದು ಅಕ್ಷರವೂ ಕನ್ನಡವಿಲ್ಲ.

ಬಸವಕಿರಣ ಅರ್ಧ ತಾಸು ತಡಕಾಡಿದ. ಕೊನೆಗೆ ಕೈ ಕೊಡವಿದ.

"ಹೋಯ್ತ್ರಿ. ಆ ಫಾಂಟ್ ಇನ್ನ ಎಲ್ಲೂ ಸಿಗಂಗಿಲ್ಲ. ಬಿಟ್ಟುಬಿಡ್ರಿ, ಹೊಸದಾಗಿ ಬರೀರಿ."

"ಬಿಟ್ಟುಬಿಡ್ಲಿ? ಇದ್ರಾಗ ನಮ್ಮ ಓಣಿ ಮುದುಕಿ ಕಾಂತಾಬಾಯಿ ಆಯಿ ಹೇಳಿದ್ದ ಮುನ್ನೂರು ಮಾತದಾವ. ಆಯಿಗಿ ಲಕ್ವಾ ಹೊಡದು ಬಾಯೇ ಬಿದ್ದದ. ನಾ ಯಾರಿಗಿ ಕೇಳಿ ಹೊಸದಾಗಿ ಬರೀಲ್ರಿ?"

ಅವನು ಬ್ಯಾಗು ಹೆಗಲಿಗೇರಿಸಿದ. "ಜರಾ ತಡೀರಿ... ಒಂದ್ ತಾಸಿನ್ಯಾಗ ಬರ್ತೀನಿ" ಎಂದು ಹೊರಟ.

ತಾಸು ಎರಡಾಯಿತು. ಸಂಜೆಯಾಯಿತು. ಫೋನು ಸ್ವಿಚ್ ಆಫ್!

'ಓಡಿಹೋದನೇ? ಕೆಡಿಸಿದ್ದು ನಮ್ಮಿಬ್ಬರ ಮಾತು... ಉಳಿದದ್ದು ನಾನೊಬ್ಬಳೇ ಏನು?' ಅವಳ ಕಣ್ಣು ತುಂಬಿತು. ಆದರೆ ಒಂದು ಹನಿಯೂ ಕೆಳಗೆ ಬೀಳಲಿಲ್ಲ. ಬೀಳಲು ಅವಳು ಬಿಡಲಿಲ್ಲ!

ಅಯ್ಯೋ ಹುಡುಗೀ, ಅವನು ಓಡಿಹೋಗಿರಲಿಲ್ಲ! ಆ ಫಾಂಟಿಗಾಗಿ ಅರವತ್ತು ಹಳ್ಳಿ ತಿರುಗುತ್ತಿದ್ದ. ಹಳ್ಳಿಖೇಡದಲ್ಲಿ ಸಿಗ್ನಲ್ ಸಿಗದೆ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನೇ ಹತ್ತಿ ನಿಂತ. ಕೆಳಗೆ ಕಬ್ಬಿನ ಟ್ರ್ಯಾಕ್ಟರಿನವರು ಚಪ್ಪಾಳೆ ತಟ್ಟಿದರು!

ಇತ್ತ ಶನಿವಾರ ಬೆಳಿಗ್ಗೆ ಅಂಗಡಿಗೆ ಹುಡಗಿ ಎಂಬ ಊರಿನಿಂದ ಸಿದ್ದಪ್ಪ ಬಂದ. ಅರವತ್ತೈದರ ರೈತ. ಕೋಶಕ್ಕೆ ಹೊಲಮನೆಯ ಮಾತುಗಳನ್ನೆಲ್ಲ ಕೊಟ್ಟವನು.

"ಯವ್ವಾ, ನಾ ಹೇಳಿದ್ ಮಾತೆಲ್ಲಾ ಮಿಷನ್ ನುಂಗ್ತಂತ. ಖರೇ ಏನ?"

"ನುಂಗಿಲ್ಲ ಕಾಕಾ. ವೇಷ ಹಾಕ್ಯಾವ. ಒಳಗ ಅವೇ ಅದಾವ."

"ವೇಷ ಹಾಕಿದವ್ರಿಗಿ ಗುರ್ತ ಹಿಡ್ಯಾದೇನ್ ದೊಡ್ಡ ಮಾತು? ನಡಿಗಿ ನೋಡ್ಬೇಕು. ಮಾರಿ ಬದಲ್ ಮಾಡ್ತಾರ, ನಡಿಗಿ ಬದಲ್ ಮಾಡಾಕ ಬರಂಗಿಲ್ಲ."

"ನಡಿಗೀನೂ ತಿಳೀವಲ್ದು ಕಾಕಾ..."

ಅಷ್ಟು ಹೇಳಿದ್ದೇ, ವಿಜಯಶ್ರೀ ಥಟ್ಟನೆ ನಿಂತುಬಿಟ್ಟಳು.

ಕಾಕಾ... ಕಾ, ಕಾ. ಒಂದೇ ಅಕ್ಷರ ಎರಡು ಸಲ!

ವೇಷ ಏನೇ ಇರಲಿ, ಎರಡು ಸಲ ಬಂದದ್ದು ಎರಡು ಸಲವೇ ಕಾಣಬೇಕಲ್ಲ? ಕಾಕಾ, ದಾದಾ, ನಾನಾ, ಬಾಬಾ, ಮಾಮಾ. ಈ ಸೀಮೆಯವರು ನೆಂಟರನ್ನು ಕರೆಯುವುದೇ ಹಾಗೆ. ಕೋಶದಲ್ಲಿ ಮಾತುಗಳು ಅಕಾರಾದಿಯಾಗಿದ್ದವು. ಅವಳು ಮೇಲಿನಿಂದ ಜೋಡಿ ಗುರುತುಗಳನ್ನು ಹುಡುಕುತ್ತ ಬಂದಳು. ಮೊದಲು ಸಿಕ್ಕ ಜೋಡಿ ಕಾಕಾ. ಆಮೇಲೆ ದಾದಾ. ಕೆಳಗೆ ಮಾಮಾ!

"ಕಾಕಾ, ನೀ ಮ್ಯಾಲಿಂದ ಮ್ಯಾಲ ನೆಂಟರ ಹೆಸರು ಹೇಳ್ಕೋತ ಹೋಗು!"

"ಎಲ್ಲಾರ್ದೂ? ನಮ್ಮ ಸಡ್ಡಕಂದೂ?"

"ಅವಂದೂ ಹೇಳು!"

"ಅಂವ ಹೆಸರು ತಗೋಳಂಥ ಮನಷ್ಯಾ ಅಲ್ಲ ಬಿಡವ್ವಾ..." ಎನ್ನುತ್ತಲೇ ಅವನು ಹೇಳತೊಡಗಿದ. ಅವಳು ಹಾಳೆಯ ಒಂದು ಕಡೆ ಗುರುತು, ಇನ್ನೊಂದು ಕಡೆ ಅಕ್ಷರ ಬರೆಯುತ್ತ ಹೋದಳು. ಒಂದು ಅಕ್ಷರ ಸಿಕ್ಕರೆ ಅದು ಪಕ್ಕದ್ದನ್ನು ಕೈಹಿಡಿದು ಕರೆತರುತ್ತಿತ್ತು. ಉಣ್ಣಲಿಲ್ಲ. ಅಂಗಡಿಯ ಬಾಗಿಲಿಗೆ 'ಇಂದು ಅರ್ಜಿ ಇಲ್ಲ' ಎಂದು ಚೀಟಿ ಅಂಟಿಸಿದಳು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹಾಳೆಯಲ್ಲಿ ನೂರಾ ಹದಿನಾಲ್ಕು ಗುರುತುಗಳ ಕನ್ನಡ ರೂಪ ಸಿದ್ಧವಾಗಿತ್ತು!

ಆಗ ಬಾಗಿಲಲ್ಲಿ ನೆರಳು ಬಿತ್ತು.

ಬಸವಕಿರಣ! ಮೈತುಂಬ ಅರವತ್ತು ಹಳ್ಳಿಯ ಧೂಳು. ಕಣ್ಣಲ್ಲಿ ವೀರತೇಜ!

ಅವಳು ಪೆನ್ನು ಕೆಳಗಿಟ್ಟಳು. ಹಾಳೆಯನ್ನು ಅವನ ಮುಂದೆ ಸರಿಸಿದಳು. ಅವನು ಕುಳಿತ. ಒಂದೇ ಚಿಟಿಕೆ ಹೊಡೆದ! ನಾಲ್ಕು ಸಾವಿರ ಮಾತುಗಳು ತಮ್ಮ ವೇಷ ಕಳಚಿ, ಕೈಮುಗಿದು, ಕನ್ನಡವಾಗಿ ಸಾಲು ನಿಂತವು. ಸೋಮವಾರ ಮೂರು ಗಂಟೆ ನಲವತ್ತು ನಿಮಿಷಕ್ಕೆ ಕೋಶ ಬೀದರಿಗೆ ಹೋಯಿತು.

ಆ ಕ್ಷಣ ವಿಜಯಶ್ರೀ ಅವನತ್ತ ನೋಡಿದಳು. ಅವಳ ಮನಸ್ಸು ಕೂಗಿ ಹೇಳಿತು: 'ಇವನಿಲ್ಲದಿದ್ದರೆ ನಾನೇನಾಗುತ್ತಿದ್ದೆ! ಈ ಧೀರನೇ ನನ್ನ...'

"ಏ! ಯಾರ ಮನಸು ಕೂಗ್ತು?"

ದನಿ ನನ್ನ ಬೆನ್ನ ಹಿಂದಿನಿಂದ ಬಂತು. ಇದನ್ನೆಲ್ಲ ಬರೆಯುತ್ತಿದ್ದ ನಾನು ಕುರ್ಚಿಯಲ್ಲೇ ಹಾರಿಬಿದ್ದೆ.

"ವಿಜಿ... ನೀ ಯಾವಾಗ ಬಂದಿ?"

"ನೀ ಚಿಮಣಿ ಹತ್ತಾಗ ಬಂದೆ. ಇಳೀತೀ ಏನೋ ಅಂತ ನಿಂತಿದ್ದೆ."

"ಅದು... ಕಥಿ ಅಂದ್ ಮ್ಯಾಲ ಜರಾ ಹೆಚ್ಚುಕಮ್ಮಿ..."

"ಯಾವ ಹೆಚ್ಚು, ಯಾವ ಕಮ್ಮಿ? ನಿನ್ನೆ ನೀ ನನಗ ಒಂದು ಮಾತು ಕೇಳಿದ್ದಿ. ಅದ್ರ ಜವಾಬು ಬೇಕೋ ಬ್ಯಾಡೋ?"

"ಬೇಕು!"

"ಹಂಗಾದ್ರ ಖರೇ ಬರಿ. ನಾ ಇಲ್ಲೇ ಕುಂದುರ್ತೀನಿ."

ನಿನ್ನೆ ಅಚ್ಚಾದ ಕೋಶದ ಮೊದಲ ಪ್ರತಿ ಬಂದಾಗ, ನನ್ನನ್ನು ಮದುವೆಯಾಗುತ್ತೀಯಾ ಎಂದು ನಾನು ಅವಳನ್ನು ಕೇಳಿದ್ದೆ. ಉತ್ತರ ಇನ್ನೂ ಬಾಕಿ ಇತ್ತು.

ಸರಿ. ಬರೆಯುತ್ತೇನೆ.

ಬಸವಕಿರಣ ಎಂದರೆ ನಾನೇ. ಎತ್ತರ ಐದಡಿ ನಾಲ್ಕು. ಆ ಶುಕ್ರವಾರ ಬಂದದ್ದು ಬಸ್ಸಿನಲ್ಲಿ. ಅರವತ್ತು ಹಳ್ಳಿ ತಿರುಗಲಿಲ್ಲ, ಒಂದೂ ತಿರುಗಲಿಲ್ಲ. ನಾನು ಓಡಿಹೋಗಿದ್ದೆ. ಫೋನಿನಲ್ಲಿ ಬಿಡಿಸಿ ಹೇಳದೆ ನಾನೇ ಅವಳ ನಾಲ್ಕು ವರ್ಷ ಹಾಳು ಮಾಡಿದೆ ಅನ್ನಿಸಿತ್ತು. ಆಯಿಯ ಮಾತು ಕೇಳಿದ ಮೇಲೆ ಅವಳ ಮುಖ ನೋಡುವ ಧೈರ್ಯ ಉಳಿಯಲಿಲ್ಲ. ಎರಡು ದಿನ ಹುಮನಾಬಾದಿನ ನನ್ನ ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಒಳಗೇ ಕುಳಿತಿದ್ದೆ. ಭಾನುವಾರ ಬಂದದ್ದು ಕ್ಷಮೆ ಕೇಳಿ ಹೋಗಿಬಿಡೋಣವೆಂದು. ಚಿಟಿಕೆಯೂ ಸುಳ್ಳು. ಕೀಲಿ ಅವಳದು. ಅವಳು ಒಂದೊಂದೇ ಗುರುತು ಓದಿ ಹೇಳಿದಳು, ನಾನು ಒಂದೊಂದಾಗಿ ಬದಲಾಯಿಸಿದೆ. ಹೊಟ್ಟೆಗಿಲ್ಲದೆ ಕುಳಿತು ಅವಳು ಬರೆದ ಆ ಹಾಳೆ ನೋಡಿದಾಗಲೇ ಅವಳ ಮೇಲೆ ಮನಸ್ಸಾಯಿತು. ಬಿಟ್ಟುಬಿಡ್ರಿ ಅಂದವನು ನಾನು. ಬಿಡದವಳು ಅವಳು.

ಅವಳು ನಿಧಾನವಾಗಿ ಓದಿದಳು. ಎರಡನೆಯ ಸಲವೂ ಓದಿದಳು.

"ಆಯ್ತು. ಹೂಂ," ಅಂದಳು.

"ಹೂಂ ಅಂದ್ರ?"

"ಕೋಶದಾಗ ಅದ, ನೋಡ್ಕೋ."

ಎದೆ ಬಡಿದುಕೊಂಡಿತು. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ. ಮೆಲ್ಲಗೆ ಕೇಳಿದೆ:

"ಹಂಗಾದ್ರ ಖರೇ ಹೇಳು. ಆ ಐತವಾರ ನಾ ಬಾಗಿಲ್ದಾಗ ನಿಂತಾಗ ನಿನ್ ಮನಸಿನ್ಯಾಗ ಏನಿತ್ತು?"

"ತಿನ್ಲಾಕ ಏನರೆ ತಂದಾನೋ ಇಲ್ಲೋ ಅಂತ."

"ಅಷ್ಟೇನಾ?"

ಅವಳು ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದಳು.

"ಮತ್ತ... ತಂದಿಲ್ಲಂದ್ರೂ ಕುಂದುರ್ಲಿ ಅಂತ."